ನಿದ್ದೆ ಕೊಡದ ಹಿತ್ತಲು

ಕೊಕಟನೂರಿನ ನಮ್ಮ ಹಿತ್ತಲಲ್ಲಿ ಪಿಯೋನಿ ಅರಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಒಂದಾದರೂ ಹೂ ಬಿಟ್ಟಿರಬೇಕು ಎಂಬ ಆಸೆ ಓದುವವರಿಗೆ ಬೇಡ. ಗಿಡ ಹೋಯಿತು. ಹೇಗೆ ಹೋಯಿತು, ನಾನು ಏನೇನು ಮಾಡಿದೆ, ಯಾರನ್ನು ಕೇಳಬೇಕಿತ್ತೋ ಅವರನ್ನು ಹೇಗೆ ಕೇಳದೇ ಉಳಿದೆ, ಅಷ್ಟನ್ನು ಬರೆಯುತ್ತೇನೆ.

ಅಥಣಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಊರುಗಳದು ಒಂದು ಲೆಕ್ಕ. ಅಲ್ಲಿ ಎತ್ತ ನೋಡಿದರೂ ಕಬ್ಬು. ಕೊಕಟನೂರ, ಐಗಳಿ, ತೆಲಸಂಗದ ಕಡೆ ಬಂದರೆ ಲೆಕ್ಕವೇ ಬೇರೆ. ಮಳೆ ನಂಬುವ ಹಾಗಿಲ್ಲ, ಬೋರಿನ ನೀರು ಸವಳು, ಬೇಸಿಗೆಯಲ್ಲಿ ಯರಿಮಣ್ಣು ಕೈ ಇಳಿಯುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ಹನಿ ನೀರು ಹಾಯಿಸಿ ದ್ರಾಕ್ಷಿ ಬೆಳೆದು ಮನೂಕ ಮಾಡುವ ಜನ ಇಲ್ಲಿಯವರು. ನಮ್ಮ ಮನೆಯಲ್ಲೂ ಮೈದುನನದು ದ್ರಾಕ್ಷಿ ತೋಟ. ಹಿತ್ತಲು ಮಾತ್ರ ಅತ್ತೆಯದಾಗಿತ್ತು: ದುಂಡುಮಲ್ಲಿಗೆ, ಗಾವಠಿ ಗುಲಾಬಿ, ಶಾವಂತಿಗೆ, ಗೋಡೆಗುಂಟ ನಿಶಿಗಂಧ. ಅತ್ತೆ ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು.

ಪಿಯೋನಿಯನ್ನು ನಾನು ಕಂಡದ್ದು ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ, ಮಗಳ ಮನೆಗೆ ಹೋದಾಗ. ಅಲ್ಲಿಯ ವಿಶ್ವವಿದ್ಯಾಲಯದ ನಿಕೋಲ್ಸ್ ಅರ್ಬೊರೇಟಂ ಒಳಗೆ ಪಿಯೋನಿಗಾಗಿಯೇ ಒಂದು ತೋಟವಿದೆ. ಔಷಧ ಉದ್ಯಮಿ ಡಬ್ಲ್ಯು. ಇ. ಅಪ್‌ಜಾನ್ 1922ರಲ್ಲಿ ತಮ್ಮ ಸ್ವಂತ ತೋಟದ ಗಿಡಗಳನ್ನು ದಾನ ಕೊಟ್ಟರು, 1927ರಲ್ಲಿ ಅದು ಜನರಿಗೆ ತೆರೆಯಿತು. ನಾವು ಹೋದದ್ದು ಜೂನ್ ತಿಂಗಳ ಆರಂಭದಲ್ಲಿ. ಹಿಂದಿನ ರಾತ್ರಿ ಮಳೆಯಾಗಿತ್ತು. ಎರಡೂ ಅಂಗೈ ಸೇರಿಸಿ ಹಿಡಿಯಬೇಕಾದಷ್ಟು ದೊಡ್ಡ ಹೂಗಳು ನೀರಿನ ಭಾರಕ್ಕೆ ನೆಲದತ್ತ ಬಾಗಿದ್ದವು. ತಿಳಿಗುಲಾಬಿ ಬಣ್ಣದ ‘ಸಾರಾ ಬರ್ನಾರ್ಡ್’ ಇತ್ತು. ಫ್ರಾನ್ಸಿನ ಲೆಮ್ವಾನ್ ನರ್ಸರಿಯವರು 1906ರಲ್ಲಿ ಹೊರತಂದ ತಳಿ. ಅದಕ್ಕೂ ಹಳೆಯದಾದ, 1851ರ ‘ಫೆಸ್ಟಿವಾ ಮ್ಯಾಕ್ಸಿಮಾ’ ಇತ್ತು. ಬಿಳಿಯ ಎಸಳುಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಹನಿ ಬಿದ್ದಂಥ ಹೂ.

ಚೆಲುವಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳ ಆಯುಷ್ಯ. ಪಿಯೋನಿ ಒಮ್ಮೆ ಬೇರು ಬಿಟ್ಟರೆ ಐವತ್ತು ವರ್ಷ, ಎಷ್ಟೋ ಕಡೆ ನೂರು ವರ್ಷ, ಅದೇ ಜಾಗದಲ್ಲಿ ಹೂ ಬಿಡುತ್ತದೆ. ಅಜ್ಜಿ ನೆಟ್ಟದ್ದನ್ನು ಮೊಮ್ಮಗಳು ಕೊಯ್ದು ಮನೆಯೊಳಗೆ ಇಡುತ್ತಾಳೆ. ಅತ್ತೆಯನ್ನು ಕಳೆದುಕೊಂಡು ಬಹಳ ದಿನ ಆಗಿರಲಿಲ್ಲ. ನನ್ನ ಕೈಯಿಂದಲೂ ಅಂಥದೊಂದು ಗಿಡ ಆ ಹಿತ್ತಲಲ್ಲಿ ನೆಲೆಯೂರಲಿ, ನಾನು ಹೋದ ಮೇಲೂ ಇರಲಿ ಅನ್ನಿಸಿತು. ಆ ಆಸೆಯಲ್ಲಿ ತಪ್ಪಿತ್ತು ಅಂತ ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಆದರೆ ನಾನು ನೋಡಿದ್ದು ಜೂನ್ ತಿಂಗಳ ಆನ್ ಆರ್ಬರನ್ನು. ಅದೇ ಗಿಡಗಳು ಜನವರಿಯಲ್ಲಿ ಹಿಮದ ಕೆಳಗೆ, ನೆಲದ ಮೇಲೆ ಒಂದು ಎಲೆಯೂ ಇಲ್ಲದೆ ಮಲಗಿರುತ್ತವೆ. ಅದನ್ನು ನಾನು ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ.

ಬರುವಾಗ ಒಂದು ಬೇರುಗಡ್ಡೆ ಬ್ಯಾಗಿನಲ್ಲಿ ಹಾಕಿಕೊಡು ಅಂತ ಮಗಳಿಗೆ ಗಂಟು ಬಿದ್ದೆ. ಅವಳು ಒಪ್ಪಲಿಲ್ಲ. ಹೊರದೇಶದಿಂದ ನೆಡುವ ಗಡ್ಡೆ ತರಬೇಕಾದರೆ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಮೊದಲೇ ಆಮದು ಪರವಾನಗಿ ಪಡೆಯಬೇಕು, ಅಲ್ಲಿಯ ಸರ್ಕಾರದಿಂದ ಸಸ್ಯಾರೋಗ್ಯದ ಪ್ರಮಾಣಪತ್ರವೂ ಬೇಕು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಬೇರಿಗೆ ಅಂಟಿದ ಚಿಟಿಕೆ ಮಣ್ಣಿನಲ್ಲಿ ಜಂತುಹುಳು, ಶಿಲೀಂಧ್ರ ಏನು ಬೇಕಾದರೂ ಬರಬಹುದು. ಮಗ್ಗುಲಲ್ಲೇ ಎಕರೆಗಟ್ಟಲೆ ದ್ರಾಕ್ಷಿ ಇರುವ ಮನೆಗೆ ಅದನ್ನು ಕದ್ದು ತರಲು ಹೊರಟಿದ್ದೆ. ಮಗಳು ಮಾಡಿದ್ದು ಸರಿ.

ಊರಿಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪಿಯೋನಿ ಬೀಜ ಎಂದು ಅಗ್ಗದ ಪೊಟ್ಟಣಗಳು ಸಿಗುತ್ತವೆ. ಪಿಯೋನಿಯನ್ನು ಬೀಜದಿಂದ ಬೆಳೆಸಿದರೆ ಹೂ ನೋಡಲು ನಾಲ್ಕೈದು ವರ್ಷ ಬೇಕು. ಬೀಜ ಮೊದಲು ಬೆಚ್ಚಗಿನ ಕಾಲದಲ್ಲಿ ಬೇರು ಬಿಡುತ್ತದೆ, ಆಮೇಲೆ ಒಂದು ಚಳಿಗಾಲ ಕಳೆದರೇ ಮೇಲೆ ಮೊಳಕೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾದ ಮಾತು: ‘ಪಿಯೋನಿ ಪಾಪಿ’ ಎಂಬ ಹೆಸರಿನಲ್ಲಿ ಮಾರುವುದು ಪಿಯೋನಿಯೇ ಅಲ್ಲ. ಅದು ಒತ್ತೆಸಳಿನ ಅಫೀಮು ಗಸಗಸೆ ಗಿಡ. ಪರವಾನಗಿ ಇಲ್ಲದೆ ಅದನ್ನು ಬೆಳೆಯುವುದು 1985ರ ಮಾದಕ ದ್ರವ್ಯ ಕಾಯ್ದೆಯ ಪ್ರಕಾರ ಅಪರಾಧ. ಹೂವಿನ ಚಿತ್ರ ನೋಡಿ ಮರುಳಾಗಿ ಹಿತ್ತಲಲ್ಲಿ ಚೆಲ್ಲಬೇಡಿ. ನಾನು ಬೀಜದ ಗೋಜಿಗೆ ಹೋಗದೆ, ದೇಶದೊಳಗೇ ಮಾರುವವರಿಂದ ಕಣ್ಣಿರುವ ಬೇರುಗಡ್ಡೆ ತರಿಸಿದೆ.

ಕಬ್ಬಿಗೆ ಕಣ್ಣು ಇರುವ ಹಾಗೆ ಪಿಯೋನಿಯ ಗಡ್ಡೆಗೂ ಕಣ್ಣು ಇರುತ್ತದೆ. ಬೆರಳಿನ ತುದಿಯಷ್ಟು ದಪ್ಪ, ಬಣ್ಣ ತಿಳಿಗೆಂಪು. ಮುಂದಿನ ವರ್ಷದ ಕಾಂಡ, ಎಲೆ, ಹೂ ಎಲ್ಲವೂ ಬರಬೇಕಾದದ್ದು ಅದರೊಳಗಿಂದಲೇ. ಆ ಕಣ್ಣಿನ ಮೇಲೆ ಎರಡು ಅಂಗುಲಕ್ಕಿಂತ ಹೆಚ್ಚು ಮಣ್ಣು ಬೀಳಬಾರದು. ಬಿಸಿ ಸೀಮೆಯಲ್ಲಿ ಒಂದೇ ಅಂಗುಲ ಸಾಕು. ಆಳಕ್ಕೆ ನೆಟ್ಟರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಇದನ್ನು ಓದಿದ್ದೆ. ಓದಿಯೂ ನಮ್ಮ ಬಿಸಿಲು ತಾಗದಿರಲಿ ಎಂದು ಒಂದು ಗೇಣು ಆಳಕ್ಕೆ ಇಟ್ಟೆ.

ಉಳಿದದ್ದನ್ನು ಶ್ರದ್ಧೆಯಿಂದಲೇ ಮಾಡಿದೆ. ಯರಿಮಣ್ಣು ತೆಗೆಸಿ ಮಸಾರಿ ಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ ತುಂಬಿಸಿದೆ. ಮೇಲೆ ಹಸಿರು ನೆರಳುಬಟ್ಟೆ ಕಟ್ಟಿಸಿದೆ. ಬೋರಿನ ನೀರು ಬೇಡವೆಂದು ಮಳೆಗಾಲದ ನೀರನ್ನು ಟಾಕಿಯಲ್ಲಿ ಉಳಿಸಿಕೊಂಡೆ. ಇಷ್ಟಕ್ಕೆಲ್ಲ ಹಿತ್ತಲಲ್ಲಿ ಒಳ್ಳೆಯ ಜಾಗ ಎಂದರೆ ಮಧ್ಯಾಹ್ನದ ಬಿಸಿಲು ಬೀಳದ ಮೂಡಣ ಗೋಡೆಯ ಮಗ್ಗುಲು. ಅಲ್ಲಿ ಅತ್ತೆಯ ದುಂಡುಮಲ್ಲಿಗೆ ಇತ್ತು. ಅದನ್ನು ಬುಡಸಹಿತ ಎತ್ತಿಸಿ ದನದ ಕೊಟ್ಟಿಗೆಯ ಪಕ್ಕಕ್ಕೆ ಹಾಕಿಸಿದೆ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಮೊದಲ ವರ್ಷ ಮೊಳಕೆ ಬಂತು. ಕಡುಗೆಂಪು ಬಣ್ಣದ ಮೊಳಕೆಗಳು ಮಣ್ಣನ್ನು ಸೀಳಿಕೊಂಡು ಮೇಲೆದ್ದವು, ಎಲೆ ಬಿಚ್ಚುತ್ತ ಹೋದ ಹಾಗೆ ಕೆಂಪು ಹೋಗಿ ಹಸಿರಾಯಿತು. ಓಣಿಯ ಹೆಣ್ಣುಮಕ್ಕಳನ್ನು ಕರೆದು ತೋರಿಸಿದೆ. ಆ ಗಡ್ಡೆ ನನ್ನ ಬಳಿ ಬರುವ ಮೊದಲು ಶೀತಲಗೃಹದಲ್ಲಿ ಇದ್ದಿರಬೇಕು, ಅಲ್ಲಿ ಉಂಡ ಚಳಿಯ ಬಲದಿಂದ ಅದು ಎದ್ದಿತ್ತು ಎಂಬುದು ಹೊಳೆದದ್ದು ಬಹಳ ತಡವಾಗಿ. ಹೂ ಬರಲಿಲ್ಲ. ನೆಟ್ಟ ವರ್ಷ ಎಲ್ಲಿಯೂ ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದಾಗ ಎಲೆಯಂಚು ಸುಟ್ಟಿತು. ನೀರು ಹೆಚ್ಚಿಸಿದೆ. ಎಲೆ ಇನ್ನೂ ಒಣಗಿತು. ಮತ್ತೆ ಹೆಚ್ಚಿಸಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಮಳೆಗಾಲ ಮುಗಿದ ಮೇಲೂ ಏನೂ ಏಳದಿದ್ದಾಗ ಅಗೆದು ನೋಡಿದೆ. ಗಡ್ಡೆಯ ಮುಕ್ಕಾಲು ಪಾಲು ನೀರಲ್ಲಿ ನೆನೆಸಿಟ್ಟ ಹುಣಸೆಹಣ್ಣಿನ ಹಾಗಾಗಿತ್ತು. ಒತ್ತಿದರೆ ಸಿಪ್ಪೆ ಜಾರಿ ಕಂದು ನೀರು ಬಂತು. ಒಂದು ಮೂಲೆಯಲ್ಲಿ ಮಾತ್ರ ಗಟ್ಟಿ ಬೇರು, ಅದರ ತಲೆಯ ಮೇಲೆ ಎರಡು ಕಣ್ಣು. ಆ ತುಂಡನ್ನು ಕೊಯ್ದುಕೊಂಡು ಕುಳಿತಿದ್ದಾಗ ಮೈದುನ ಹಿತ್ತಲಿಗೆ ಬಂದ. ಅವನಿಗೆ ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿ ಸವರುವ ಕೆಲಸದ, ಗಡಿಬಿಡಿ.

“ವೈನಿ, ಇದಕ್ಕ ಆರಾಮ ಯಾವಾಗ ಕೊಟ್ರಿ?” ಎಂದ.

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಆರಾಮ ಅಂದರೆ?

“ಬಳ್ಳಿಗೆ ನಾವು ಕೊಡೂದಿಲ್ಲೇನ್ರೀ? ಹಣ್ಣು ಇಳಿದ ಮ್ಯಾಲ ನೀರು ಕಡಿಮಿ ಮಾಡತೇವಿ, ಸ್ವಲ್ಪ ದಿನ ಹಂಗ ಬಿಡತೇವಿ, ಆಮ್ಯಾಲ ಏಪ್ರಿಲ್ ಚಾಟ್ನಿ. ಅಕ್ಟೋಬರ್ ಚಾಟ್ನಿಕಿಂತ ಮೊದಲೂ ಹಂಗ. ವರ್ಷಾನಗಟ್ಟಲೆ ಎಬ್ಬಿಸಿ ಇಟ್ಟರ ಯಾವ ಗಿಡ ತಾಳತೈತ್ರಿ?”

ಇಷ್ಟು ವರ್ಷ ಆ ತೋಟಕ್ಕೆ ಬುತ್ತಿ ಒಯ್ದವಳು ನಾನು. ಚಾಟ್ನಿ ನೋಡಿದ್ದೆ, ಚಾಟ್ನಿ ಆದ ಕಡ್ಡಿಗೆ ಕೈಗವಸು ಹಾಕಿಕೊಂಡು ಔಷಧಿ ಹಚ್ಚುವ ಆಳುಗಳನ್ನು ನೋಡಿದ್ದೆ. ಅದೇಕೆ ಎಂದು ಕೇಳಿರಲಿಲ್ಲ. ದ್ರಾಕ್ಷಿ ಮೂಲತಃ ಚಳಿ ಸೀಮೆಯ ಬಳ್ಳಿ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವುದು ಅದರ ಸ್ವಭಾವ. ನಮ್ಮಲ್ಲಿ ಆ ಚಳಿ ಇಲ್ಲದ್ದರಿಂದ ಕಣ್ಣುಗಳು ಒಂದೇ ಸಲಕ್ಕೆ ಒಡೆಯುವುದಿಲ್ಲ. ಹೈಡ್ರೋಜನ್ ಸಯನಮೈಡ್ ಹಚ್ಚಿ ಎಬ್ಬಿಸಬೇಕು. ವರ್ಷಕ್ಕೆ ಎರಡು ಚಾಟ್ನಿ, ಒಂದು ಬೆಳೆ. ಚಳಿ ಕೊಡದ ಸೀಮೆಯಲ್ಲಿ ಚಳಿ ಬೇಡುವ ಬಳ್ಳಿಯನ್ನು ಬದುಕಿಸುವ ವಿದ್ಯೆ ನಮ್ಮ ಮನೆಯಲ್ಲೇ ಇತ್ತು. ನಾನು ಆನ್ ಆರ್ಬರ್‌ನ ತೋಟದ ಬಗ್ಗೆ ಓದುತ್ತ ಕುಳಿತಿದ್ದೆ.

ಆಮೇಲೆ ಪಿಯೋನಿಯ ಚಳಿಯ ಬಗ್ಗೆ ಓದಿದೆ, ಮೊದಲೇ ಓದಬೇಕಾದದ್ದನ್ನು. ಕಣ್ಣಿನೊಳಗಿನ ಮೊಗ್ಗು ಎಚ್ಚರಗೊಳ್ಳಬೇಕಾದರೆ ಸುಮಾರು ಎರಡು ತಿಂಗಳು 2ರಿಂದ 6 ಡಿಗ್ರಿಯ ತಂಪು ಬೇಕು. ತೋಟಗಾರರು ಗಂಟೆಯಲ್ಲಿ ಲೆಕ್ಕ ಹಾಕುತ್ತಾರೆ: ತಳಿಗೆ ತಕ್ಕಂತೆ 7 ಡಿಗ್ರಿಗಿಂತ ಕೆಳಗಿನ 500ರಿಂದ 1000 ಗಂಟೆ. ಯಲ್ಲಮ್ಮನ ಜಾತ್ರೆಗೆ ಬಂದವರು ಕಂಬಳಿ ಹೊದ್ದು ಬೆಂಕಿ ಕಾಯಿಸಿಕೊಳ್ಳುವ ದಿನಗಳಲ್ಲೂ ನಮ್ಮ ರಾತ್ರಿಗಳು ಸಾಮಾನ್ಯವಾಗಿ 12–14 ಡಿಗ್ರಿಯ ಆಸುಪಾಸು. 7ಕ್ಕೆ ಇಳಿಯುವ ರಾತ್ರಿ ಅಪರೂಪ, ಇಳಿದರೂ ಸೂರ್ಯ ಬಂದೊಡನೆ ಮುಗಿಯಿತು. ನಮಗೆ ನಡುಗುವಷ್ಟು ಚಳಿ ಆ ಗಡ್ಡೆಗೆ ಚಳಿಯೇ ಅಲ್ಲ. ತಂಪು ಸಿಗದೆ, ಬಿಸಿ ನೆಲದಲ್ಲಿ ಉಸಿರಾಡುತ್ತ ಅದು ತನ್ನೊಳಗಿನ ಪಿಷ್ಟವನ್ನೆಲ್ಲ ಕರಗಿಸಿಕೊಂಡಿತ್ತು. ಅಂಥ ನಿತ್ರಾಣದ ಬೇರಿಗೆ ನಾನು ದಿನಕ್ಕೆ ಎರಡು ಸಲ ನೀರು ಕುಡಿಸಿದ್ದೆ.

ಇಷ್ಟು ತಿಳಿದ ಮೇಲಾದರೂ ಬಿಡಬೇಕಿತ್ತು. ಬಿಡಲಿಲ್ಲ. ಉಳಿದ ತುಂಡನ್ನೂ, ಜೊತೆಗೆ ಹೊಸದಾಗಿ ತರಿಸಿದ ಗಡ್ಡೆಯನ್ನೂ ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕಾಯಿಪಲ್ಲೆ ಡಬ್ಬಿಯಲ್ಲಿ ಇಟ್ಟೆ, ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಯುಕ್ತಿ ಸರಿಯಾದದ್ದೇ. ಆದರೆ ಅದೇ ಡಬ್ಬಿಯಲ್ಲಿ ಚಿಕ್ಕು, ಸೇಬು, ಟೊಮೆಟೊ ಇರುತ್ತಿದ್ದವು. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಮುಚ್ಚಿದ ಜಾಗದಲ್ಲಿ ಅದು ಮಲಗಿರುವ ಮೊಗ್ಗನ್ನು ಒಳಗೇ ಕೆಡಿಸುತ್ತದೆ. ಹಳೆಯ ತುಂಡಿನ ಕಣ್ಣುಗಳು ಕಪ್ಪಾಗಿ ಉದುರಿದವು. ಹೊಸ ಗಡ್ಡೆ ಬದುಕಿತು. ಸಂಕ್ರಾಂತಿ ಮುಗಿಸಿ ಅದನ್ನು ಕುಂಡದಲ್ಲಿ ಇಟ್ಟೆ, ಈ ಸಲ ಒಂದೇ ಅಂಗುಲ ಮಣ್ಣು.

ಮೊಳಕೆ ಬೇಗ ಬಂತು, ಮೊದಲಿಗಿಂತ ದಪ್ಪಗೆ. ಶಿವರಾತ್ರಿಯ ಹೊತ್ತಿಗೆ ಒಂದು ಕಾಂಡದ ತುದಿಯಲ್ಲಿ ಮೊಗ್ಗು ಕಂಡಿತು. ಕಡಲೆಕಾಳಿನಷ್ಟು ಗಾತ್ರ, ಸುತ್ತ ಹಸಿರು ಪುಷ್ಪಪಾತ್ರೆ, ಅದರ ಸಂದಿನಲ್ಲಿ ಕೂದಲೆಳೆಯಷ್ಟು ಗುಲಾಬಿ ಬಣ್ಣ. ಮೊಗ್ಗಿನ ಮೇಲೆ ಸಿಹಿರಸ ಒಸರಿ ಇರುವೆ ಹತ್ತಿದ್ದವು. ಆ ಇರುವೆಗಳು ಪಿಯೋನಿ ಬೆಳೆಯುವ ಎಲ್ಲ ಕಡೆ ಬರುತ್ತವೆ; ಅವಿಲ್ಲದೆ ಮೊಗ್ಗು ಬಿಚ್ಚುವುದಿಲ್ಲ ಎಂದು ಜನ ನಂಬುತ್ತಾರೆ, ನಿಜದಲ್ಲಿ ಅವಕ್ಕೂ ಅರಳುವುದಕ್ಕೂ ಸಂಬಂಧವಿಲ್ಲ. ನಾನು ಓಡಿಸಲಿಲ್ಲ. ಮುಂಜಾನೆ ಎದ್ದವಳೇ ಕುಂಡದ ಹತ್ತಿರ ಹೋಗುತ್ತಿದ್ದೆ. ಮೊಗ್ಗು ಕಡಲೆಕಾಳಿನಿಂದ ಮೇಲೆ ಬೆಳೆಯಲಿಲ್ಲ. ಮಾರ್ಚ್ ಬಿಸಿಲು ಏರುತ್ತಿದ್ದ ಹಾಗೆ ಅದರ ತೊಟ್ಟು ಹಳದಿಯಾಯಿತು, ಗುಲಾಬಿ ಗೆರೆ ಕಂದಾಯಿತು. ಮುಟ್ಟಿದಾಗ ಒಣ ಸಿಪ್ಪೆಯೊಳಗೆ ಏನೂ ಇದ್ದಂತಿರಲಿಲ್ಲ. ಮೊಗ್ಗು ಬಲಿಯುವ ವಾರಗಳಲ್ಲಿ ಹಗಲು 20–22 ಡಿಗ್ರಿ, ರಾತ್ರಿ 10ರ ಆಸುಪಾಸು ಇದ್ದರೆ ಪಿಯೋನಿಗೆ ಹಿತ. ಮಲಗಲು ಚಳಿ ಕೊಟ್ಟೆ, ಎದ್ದ ಮೇಲಿನ ವಸಂತವನ್ನು ಎಲ್ಲಿಂದ ತರಲಿ?

ಕೊನೆಯ ಪ್ರಯತ್ನ ಜಿ.ಎ.ಯದು. ಜಿಬ್ಬರೆಲಿಕ್ ಆಮ್ಲ ನಮ್ಮ ಕಡೆಯ ದ್ರಾಕ್ಷಿಯವರಿಗೆಲ್ಲ ಗೊತ್ತು. ಗೊಂಚಲು ಉದ್ದ ಮಾಡಲು, ಕಾಳು ದಪ್ಪ ಮಾಡಲು ಬಳಸುತ್ತಾರೆ. ಇಸ್ರೇಲಿನ ಹೂ ಬೆಳೆಗಾರರು ಯುರೋಪಿಗೆ ಪಿಯೋನಿ ಕಳಿಸಲು ಇದೇ ದ್ರಾವಣವನ್ನು ಗಡ್ಡೆಯ ತಲೆಗೆ ಹನಿಸುತ್ತಾರೆ ಎಂದು ಓದಿ, ಮೈದುನನನ್ನು ಕಾಡಿ ಸ್ವಲ್ಪ ಪಡೆದೆ. “ಅದು ಚಳಿ ಅಲ್ರೀ ವೈನಿ, ಕೋಲು ಹಿಡದು ಎಬ್ಬಿಸಿದಂಗ” ಎಂದು ಅವನು ಹೇಳಿಯೇ ಕೊಟ್ಟ. ಅಲ್ಲಿಯ ಬೆಳೆಗಾರರು ಎತ್ತರದ ಗುಡ್ಡಗಳ ಚಳಿಯನ್ನು ಮೊದಲು ಉಣಿಸಿ, ಕೊರತೆ ಬಿದ್ದಷ್ಟನ್ನು ಮಾತ್ರ ಇದರಿಂದ ತುಂಬುತ್ತಾರೆ. ನಾನು ಚಳಿಯ ಬದಲಿಗೇ ಇದನ್ನು ಹಾಕಿದೆ. ತೆಳ್ಳಗೆ ಬಿಳಿಚಿದ ಕಾಂಡಗಳು ಎದ್ದು, ತಮ್ಮ ಭಾರವನ್ನೇ ಹೊರಲಾರದೆ ಅಡ್ಡ ಬಿದ್ದವು.

ಭಾರತದಲ್ಲಿ ಪಿಯೋನಿ ಇಲ್ಲವೆಂದಲ್ಲ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಕಾಡುಗಳಲ್ಲಿ ಪಿಯೋನಿಯಾ ಎಮೋಡಿ ಎಂಬ ಪ್ರಭೇದ ತಾನಾಗಿ ಬೆಳೆಯುತ್ತದೆ. ಒತ್ತೆಸಳಿಲ್ಲದ ಬಿಳಿ ಹೂ, ನಡುವೆ ಹಳದಿ ಕೇಸರಗಳ ಗುಚ್ಛ. ಯುನಾನಿ ವೈದ್ಯದಲ್ಲಿ ‘ಊದ್ ಸಲೀಬ್’ ಎಂದು ಬಳಸುವುದು ಪಿಯೋನಿಯ ಬೇರನ್ನೇ. ಅಲ್ಲಿ ಮನೆಯಂಗಳ ಇದ್ದವರು ಧಾರಾಳವಾಗಿ ಬೆಳೆಸಲಿ. ಬೆಳಗಾವಿ, ವಿಜಯಪುರದ ಬಯಲಿನಲ್ಲಿ ಇರುವ ನನ್ನಂಥವರು ದುಡ್ಡು ಹಾಕುವ ಮೊದಲು ಹಿತ್ತಲ ಗೋಡೆಗೆ ಒಂದು ಕನಿಷ್ಠ–ಗರಿಷ್ಠ ತಾಪಮಾಪಕ ತೂಗುಹಾಕಿ ಒಂದು ಚಳಿಗಾಲ ಬರೆದಿಡಬೇಕು. ನಾನು ಅದನ್ನು ತಂದದ್ದು ಎಲ್ಲ ಮುಗಿದ ಮೇಲೆ. ತುಂಬಿದ ಎಸಳಿನ ದೊಡ್ಡ ಹೂವೇ ಬೇಕೆನ್ನುವವರಿಗೆ ಬೆಟ್ಟದಾವರೆ ಇದೆ; ಮುಂಜಾನೆ ಬಿಳಿ, ಸಂಜೆಗೆ ಗುಲಾಬಿ, ನಮ್ಮ ಬಿಸಿಲಿಗೆ ಹೆದರುವುದಿಲ್ಲ. ಚಳಿಗಾಲಕ್ಕೆ ಡೇಲಿಯಾ ಚೆನ್ನಾಗಿಯೇ ಬರುತ್ತದೆ.

ಪಿಯೋನಿಗಿಂತ ಹೆಚ್ಚು ಮನಸ್ಸಿಗೆ ಹತ್ತಿದ್ದು ದುಂಡುಮಲ್ಲಿಗೆಯ ಮಾತು. ಕೊಟ್ಟಿಗೆಯ ಪಕ್ಕಕ್ಕೆ ಹೋದ ಮೇಲೆ ಅದು ಸಾಯಲಿಲ್ಲ, ಆದರೆ ಹೂ ಬಹಳ ಕಡಿಮೆಯಾಯಿತು. ಜಾಗ ಬದಲಾದದ್ದಕ್ಕೆ ಎಂದುಕೊಂಡಿದ್ದೆ. ಮೈದುನನ ಪ್ರಶ್ನೆ ತಲೆಯಲ್ಲಿ ಉಳಿದಿದ್ದರಿಂದ ಅತ್ತೆ ಮಾಡುತ್ತಿದ್ದುದೆಲ್ಲ ಒಂದೊಂದಾಗಿ ನೆನಪಾಯಿತು. ದೀಪಾವಳಿ ಕಳೆದ ಮೇಲೆ ಅವರು ಮಲ್ಲಿಗೆಗೆ ನೀರು ನಿಲ್ಲಿಸಿಬಿಡುತ್ತಿದ್ದರು. ಎಲೆ ಹಳದಿಯಾಗಿ ಉದುರುವುದನ್ನು ನೋಡಲಾಗದೆ ನಾನು ಬಿಂದಿಗೆ ಎತ್ತಿಕೊಂಡು ಹೋದರೆ ತಡೆಯುತ್ತಿದ್ದರು: “ಬ್ಯಾಡ ಬಿಡವಾ, ದಣದೈತಿ, ಮಲಗಲಿ.” ಎಳ್ಳಮಾವಾಸ್ಯೆಯ ಆಚೀಚೆ ಕುಡುಗೋಲು ತೆಗೆದುಕೊಂಡು ಮೊಣಕಾಲೆತ್ತರಕ್ಕೆ ಸವರಿ, ಉಳಿದ ಎಲೆ ಕಿತ್ತು, ಬುಡ ಬಿಡಿಸಿ ಗೊಬ್ಬರ ಹಾಕಿ, ಆಮೇಲೆಯೇ ತುಂಬ ನೀರು ಕೊಡುತ್ತಿದ್ದರು. ಯುಗಾದಿಗೆ ಗಿಡ ತುಂಬ ಮೊಗ್ಗು. ಅವರಿಗೆ ವಯಸ್ಸಾಯಿತು, ಗಿಡದ ಕಡೆ ಲಕ್ಷ್ಯ ಕಡಿಮೆಯಾಗಿದೆ ಎಂದೇ ಆಗ ತಿಳಿದಿದ್ದೆ. ಅವರು ಹೋದ ಮೇಲೆ ವರ್ಷದ ಹನ್ನೆರಡು ತಿಂಗಳೂ ತಪ್ಪದೆ ನೀರು ಹಾಕಿದವಳು ನಾನು. ಹೂ ಕಡಿಮೆಯಾದದ್ದು ಅಲ್ಲಿಂದಲೇ ಶುರುವಾಗಿತ್ತು, ಗಿಡ ಕಿತ್ತು ಬೇರೆ ಕಡೆ ಹಾಕಿದ್ದು ಆಮೇಲಿನ ಮಾತು.

ಗುಲಾಬಿಗೂ ಹೀಗೇ ಮಾಡಿದ್ದೆ. ಒಂದು ಕಡ್ಡಿಯನ್ನೂ ಕತ್ತರಿಸದೆ ಅದು ಆಳೆತ್ತರ ಬೆಳೆದು, ತುದಿಯಲ್ಲಿ ಒಂದೆರಡು ಬಡಕಲು ಹೂ ಬಿಡುತ್ತಿತ್ತು. ಈಗ ಮೈದುನನ ತೋಟದಲ್ಲಿ ಅಕ್ಟೋಬರ್ ಚಾಟ್ನಿ ಶುರುವಾದಾಗ ನಾನೂ ಕತ್ತರಿ ಹಿಡಿಯುತ್ತೇನೆ. ಮೊದಲು ನೀರು ಕಡಿಮೆ ಮಾಡಿ, ಆಮೇಲೆ ಗಟ್ಟಿ ಕಡ್ಡಿಗಳನ್ನು ಅರ್ಧಕ್ಕೆ ತಂದು, ಒಣ ಕಡ್ಡಿ ತೆಗೆದು ಗೊಬ್ಬರ ಕೊಡುತ್ತೇನೆ. ಒಂದೂವರೆ ತಿಂಗಳಿಗೆ ಹೂ ಬರುತ್ತದೆ.

ಮಲ್ಲಿಗೆಯನ್ನು ಹಳೆಯ ಜಾಗಕ್ಕೆ ತಂದು ನೆಟ್ಟಿದ್ದೇನೆ. ಪಿಯೋನಿಗೆಂದು ತುಂಬಿಸಿದ ಮಸಾರಿ ಮಣ್ಣು ಅದಕ್ಕೂ ಒಗ್ಗುತ್ತದೆ. ಈ ದೀಪಾವಳಿಯಿಂದ ನೀರು ನಿಲ್ಲಿಸಿದ್ದೇನೆ, ಎಲೆ ಉದುರುತ್ತಿದೆ. ಪಕ್ಕದ ಮನೆಯ ಸೊಸೆ ನೋಡಲಾಗದೆ ಗೋಡೆಯ ಮೇಲಿಂದ ಒಂದು ಕೊಡ ನೀರು ಸುರಿಯಲು ಬಂದಿದ್ದಳು. ಬೇಡವೆಂದು ಕೊಡ ಕೆಳಗಿಡಿಸಿ, ಎಳ್ಳಮಾವಾಸ್ಯೆಗೆ ಸವರುವಾಗ ಬಂದು ನಿಂತು ನೋಡು ಎಂದು ಹೇಳಿ ಕಳಿಸಿದ್ದೇನೆ.